ಎಮ್ಮೆ ಮೇಯದ ಕೆರೆ


*ಇಂದಿನ ಪಾಠ: ಪ್ರತೀತ್ಯ ಸಮುತ್ಪಾದ*

ಯಾವುದೂ ತನ್ನಷ್ಟಕ್ಕೆ ತಾನೇ ಹುಟ್ಟುವುದಿಲ್ಲ. ಹಲವು ಕಾರಣಗಳು ಕೂಡಿದಾಗ ಹುಟ್ಟುತ್ತದೆ, ಅವು ತಪ್ಪಿದಾಗ ಅಳಿಯುತ್ತದೆ. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ಪಕ್ಷಿಧಾಮದ ಕಥೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು.

ಅಳಿವಿನಂಚಿನ ಸೈಬೀರಿಯನ್ ಕೊಕ್ಕರೆಗಳು ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತಿದ್ದವು. ಸುಮಾರು 29 ಚದರ ಕಿ.ಮೀ.ಯ ಆ ಧಾಮವನ್ನು ಕಾಪಾಡಲೆಂದು 1982ರಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ವಿರೋಧಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದವು.

ಆಮೇಲೆ ನಡೆದದ್ದೇ ಬೇರೆ. ಎಮ್ಮೆ ಮೇಯದ ನೀರಿನಲ್ಲಿ ಹುಲ್ಲು ದಟ್ಟವಾಗಿ ಬೆಳೆದು ಹಕ್ಕಿಗಳಿಗೆ ತೆರೆದ ನೀರೇ ಕಡಿಮೆಯಾಯಿತು. ನೀರನ್ನು ತೆರೆದಿಟ್ಟಿದ್ದು ಎಮ್ಮೆಗಳೇ ಎಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ತೋರಿಸಿತು. ಮುಂದೆ ಹುಲ್ಲು ಕೊಯ್ಯಲು, ಬಳ್ಳಾರಿ ಜಾಲಿ ಕಿತ್ತು ಸೌದೆ ಒಯ್ಯಲು ಊರವರನ್ನೇ ಕರೆದರು.

ಸೈಬೀರಿಯನ್ ಕೊಕ್ಕರೆ ಮಾತ್ರ 2002ರ ನಂತರ ಅಲ್ಲಿಗೆ ಬರಲಿಲ್ಲ. ಅದು ಹಾರಿಬರುವ ದಾರಿಯಲ್ಲಿ ಬೇಟೆಯೂ ಇತ್ತು. ಅಳಿವಿಗೂ ಕಾರಣ ಒಂದೇ ಇರುವುದಿಲ್ಲ.

ಕರುಣೆಗೆ ಪ್ರಜ್ಞೆಯ ಜೊತೆ ಬೇಕು.

*ಇಂದು ಯೋಚಿಸೋಣ:* ಒಂದು ಕೆರೆಯನ್ನು ಉಳಿಸಲು ಹೊರಟಾಗ, ಅದನ್ನೇ ನಂಬಿ ಬದುಕಿದವರನ್ನು ಮೊದಲು ಕೇಳುತ್ತೇವೆಯೇ?

ಸಕಲ ಜೀವಿಗಳಿಗೂ ಮಂಗಳವಾಗಲಿ 🪷