ಕೆಲಸಕ್ಕೆ ಮೊದಲೊಂದು ಅಭ್ಯಾಸ: ದೊಡ್ಡ ಕಂಪನಿಗಳಲ್ಲಿ ವರ್ಚುವಲ್ ಲೋಕ

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಸಿಬ್ಬಂದಿ ನೇಮಕದ ಅಧ್ಯಾಯ ಬಂದಾಗ ನಾನು ತರಬೇತಿಯ ವಿಧಾನಗಳನ್ನು ಬೋರ್ಡಿನ ಮೇಲೆ ಎರಡು ಪಟ್ಟಿ ಮಾಡಿ ಬರೆಯುತ್ತೇನೆ. ಒಂದರಲ್ಲಿ ಕೆಲಸ ಮಾಡುತ್ತಲೇ ಕಲಿಯುವ ವಿಧಾನಗಳು, ಇನ್ನೊಂದರಲ್ಲಿ ಕೆಲಸದ ಜಾಗದಿಂದ ಹೊರಗೆ ಕಲಿಯುವ ವಿಧಾನಗಳು. ಎರಡನೆಯ ಪಟ್ಟಿಯಲ್ಲಿ ‘ವೆಸ್ಟಿಬ್ಯೂಲ್ ತರಬೇತಿ’ ಎಂಬ ಹೆಸರಿದೆ. ಹೆಚ್ಚಿನವರು ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಮುಂದೆ ಹೋಗುತ್ತೀರಿ. ಈ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ಕಣ್ಣಿಗೆ ದೊಡ್ಡ ಕನ್ನಡಕದ ಹಾಗಿರೋದನ್ನ ಕಟ್ಟಿ ಟ್ರೇನಿಂಗ್ ಕೊಡ್ತಾರಂತಲ್ಲ, ಅದು ಯಾವ ಪಟ್ಟಿಗೆ ಸೇರುತ್ತೆ?” ಎಂದು ಕೇಳಿದಳು. ಅಷ್ಟರಲ್ಲಿ ಬೆಲ್ ಆಯಿತು. ತರಗತಿಯಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ವೆಸ್ಟಿಬ್ಯೂಲ್ ಎಂದರೇನು?

ವೆಸ್ಟಿಬ್ಯೂಲ್ ಎಂದರೆ ಮನೆಯೊಳಗೆ ಹೋಗುವ ಮೊದಲು ಸಿಗುವ ಪಡಸಾಲೆ. ಕಾರ್ಖಾನೆಯ ಯಂತ್ರವನ್ನೇ ಹೋಲುವ ಯಂತ್ರವನ್ನು ಬೇರೊಂದು ಕೋಣೆಯಲ್ಲಿಟ್ಟು ಹೊಸಬರಿಗೆ ಅಭ್ಯಾಸ ಮಾಡಿಸುವುದೇ ಈ ತರಬೇತಿ. ಅಲ್ಲಿ ತಪ್ಪಾದರೆ ಉತ್ಪಾದನೆ ನಿಲ್ಲುವುದಿಲ್ಲ, ಯಾರಿಗೂ ಗಾಯವಾಗುವುದಿಲ್ಲ.

ಹಜ್ ಯಾತ್ರಿಕರ ತರಬೇತಿ ಶಿಬಿರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಬಾದ ಮಾದರಿಯೊಂದನ್ನು ಇಟ್ಟು, ತವಾಫ್ ಎಲ್ಲಿಂದ ಆರಂಭ, ಏಳು ಸುತ್ತುಗಳನ್ನು ಎಣಿಸುವುದು ಹೇಗೆ ಎಂದು ಹಿರಿಯರಿಗೆ ನಡೆದಾಡಿಸಿ ತೋರಿಸುತ್ತಾರೆ. ಆ ಮಾದರಿಯ ಸುತ್ತ ನಡೆದದ್ದು ಹಜ್ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಒಮ್ಮೆ ನಡೆದು ಕಲಿತವರಿಗೆ ಲಕ್ಷಾಂತರ ಜನರ ನಡುವೆ ಗಾಬರಿ ಕಡಿಮೆ. ಅಭ್ಯಾಸ ಬೇರೆ, ಅಸಲು ಬೇರೆ ಎಂಬ ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ವಿಮಾನ ಚಾಲಕರ ತರಬೇತಿಯಲ್ಲಿ ಈ ವಿಧಾನ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ನೆಲದ ಮೇಲೇ ನಿಂತು ಓಲಾಡುವ ಒಂದು ತರಬೇತಿ ವಿಮಾನವನ್ನು ತಯಾರಿಸಿದರು. ಮೊದಮೊದಲು ಜನ ಅದನ್ನು ಆಟಿಕೆಯೆಂದೇ ಭಾವಿಸಿದರು. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೇನಾ ವಿಮಾನಗಳು ಕೆಟ್ಟ ಹವಾಮಾನದಲ್ಲಿ ಒಂದರ ಹಿಂದೊಂದು ಬಿದ್ದು ಚಾಲಕರು ಸತ್ತ ಮೇಲೆ ಸೇನೆ ಅವನ್ನು ಕೊಂಡಿತು. ಇಂದಿನ ವರ್ಚುವಲ್ ಲೋಕ ಅದೇ ಯೋಚನೆಯ ಮುಂದುವರಿಕೆ.

ಸಭೆಗೆ ಬಂದ ಬೊಂಬೆಗಳು

ವರ್ಚುವಲ್ ಲೋಕವೆಂದರೆ ಕಂಪ್ಯೂಟರ್ ಸೃಷ್ಟಿಸಿದ ಜಾಗ. ನಮ್ಮ ಬದಲಿಗೆ ಅಲ್ಲಿ ಓಡಾಡುವ ಬೊಂಬೆಗೆ ಅವತಾರ್ ಎನ್ನುತ್ತಾರೆ. ಸಂಸ್ಕೃತದ ಪದವೇ ಇಂಗ್ಲಿಷಿಗೆ ಹೋಗಿ ಮರಳಿ ಬಂದಿದೆ. ಅಮೆರಿಕದ ಲಿಂಡನ್ ಲ್ಯಾಬ್ ಕಂಪನಿ 2003ರಲ್ಲಿ ‘ಸೆಕೆಂಡ್ ಲೈಫ್’ ಎಂಬ ಇಂಥ ಲೋಕವನ್ನು ಎಲ್ಲರಿಗೂ ತೆರೆಯಿತು. ಅದಕ್ಕೆ ಕನ್ನಡಕ ಬೇಕಿರಲಿಲ್ಲ, ಸಾಮಾನ್ಯ ಕಂಪ್ಯೂಟರ್ ಪರದೆ ಸಾಕಿತ್ತು.

ದೊಡ್ಡ ಸಂಸ್ಥೆಗಳಲ್ಲಿ ಐಬಿಎಂ ಇದನ್ನು ಬಹಳ ಆಸಕ್ತಿಯಿಂದ ಬಳಸಿತು. ಅವತಾರ್ ರೂಪದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು 2007ರಲ್ಲಿ ತನ್ನ ನೌಕರರಿಗೆ ನಿಯಮಗಳನ್ನೂ ಹೊರಡಿಸಿತು. 2008ರಲ್ಲಿ ಅದರ ತಂತ್ರಜ್ಞರ ಸಮ್ಮೇಳನವೊಂದು ಸೆಕೆಂಡ್ ಲೈಫ್‌ನಲ್ಲೇ ನಡೆಯಿತು. 200ಕ್ಕೂ ಹೆಚ್ಚು ಮಂದಿ ತಮ್ಮ ತಮ್ಮ ಊರಿನಲ್ಲೇ ಕುಳಿತು ಭಾಗವಹಿಸಿದರು. ಸುಮಾರು 80,000 ಡಾಲರ್ ಖರ್ಚಾಯಿತು, ಪ್ರಯಾಣ, ವಸತಿ ಮತ್ತು ಸಮಯ ಸೇರಿ ಸುಮಾರು 3,20,000 ಡಾಲರ್ ಉಳಿಯಿತು ಎಂದು ಲಿಂಡನ್ ಲ್ಯಾಬ್ ಪ್ರಕಟಿಸಿತು. ಇಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಈ ಲೆಕ್ಕವನ್ನು ಜಗತ್ತಿಗೆ ಹೇಳಿದ್ದು ಸರಕು ಮಾರುವ ಕಂಪನಿ. ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಲೆಕ್ಕ ಕೊಟ್ಟವರು ಯಾರು ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಇದೇ ಕಥೆಗೆ ಇನ್ನೊಂದು ಮುಖವಿದೆ. 2007ರ ಸೆಪ್ಟೆಂಬರ್ 27ರಂದು ಇಟಲಿಯ ಐಬಿಎಂ ನೌಕರರು ಭತ್ಯೆ ಕಡಿತವನ್ನು ವಿರೋಧಿಸಿ ಸೆಕೆಂಡ್ ಲೈಫ್‌ನ ಐಬಿಎಂ ಜಾಗದಲ್ಲೇ ಮುಷ್ಕರ ಹೂಡಿದರು. ಬೇರೆ ಬೇರೆ ದೇಶಗಳ ಸಾವಿರಕ್ಕೂ ಹೆಚ್ಚು ಅವತಾರ್‌ಗಳು ಫಲಕ ಹಿಡಿದು ಬಂದವು. ಆಮೇಲೆ ಮಾತುಕತೆ ನಡೆದು ಹೊಸ ಒಪ್ಪಂದವಾಯಿತು. ಆಡಳಿತ ಸಭೆ ಸೇರಬಹುದಾದ ಜಾಗದಲ್ಲಿ ನೌಕರರೂ ಸೇರಬಹುದು ಎಂಬುದನ್ನು ಆ ದಿನ ತೋರಿಸಿತು.

ಆದರೆ ಉತ್ಸಾಹ ಬಹಳ ಕಾಲ ಉಳಿಯಲಿಲ್ಲ. ಕಂಪನಿಗಳ ಸ್ವಂತ ಸರ್ವರ್‌ನಲ್ಲಿ ನಡೆಯುವ ಸೆಕೆಂಡ್ ಲೈಫನ್ನು ಲಿಂಡನ್ ಲ್ಯಾಬ್ 2009ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ತಂದು, ಮರುವರ್ಷವೇ ನಿಲ್ಲಿಸಿತು. ಮೈಕ್ರೋಸಾಫ್ಟ್ 2017ರಲ್ಲಿ ಕೊಂಡ ‘ಆಲ್ಟ್‌ಸ್ಪೇಸ್ ವಿಆರ್’ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಸಾಮಾನ್ಯ ಸಭೆಗೆ ಫೋನ್ ಅಥವಾ ವಿಡಿಯೋ ಕರೆ ಸಾಕಾದರೆ ಬೊಂಬೆಯನ್ನು ನಡೆಸಲು ಕಲಿಯುವ ಕಷ್ಟ ಯಾರಿಗೆ ಬೇಕು?

ತರಬೇತಿಯಲ್ಲಿ ಮಾತ್ರ ಬೇರು ಬಿಟ್ಟಿತು

ನಾನು ಪಿಯುಸಿ ಓದುವಾಗ ರಂಜಾನ್ ತಿಂಗಳಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಈದ್‌ಗೆ ಎರಡು ದಿನ ಇರುವಾಗ ಕ್ಯಾಶ್ ಕೌಂಟರಿನಲ್ಲಿದ್ದವರು ಇಫ್ತಾರ್‌ಗೆ ಎದ್ದರು, ನನ್ನನ್ನು ಕೂರಿಸಿದರು. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಎದುರಿಗೆ ಹತ್ತಾರು ಕೈಗಳು, ಒಬ್ಬರ ಬಿಲ್ಲಿಗೆ ಇನ್ನೊಬ್ಬರ ಚಿಲ್ಲರೆ. ರಾತ್ರಿ ಲೆಕ್ಕ ಹಾಕಿದಾಗ ದುಡ್ಡು ಕಡಿಮೆ ಬಂತು, ನನ್ನ ಕೂಲಿಯಲ್ಲಿ ಹಿಡಿದುಕೊಂಡರು. ನಿಮ್ಮಲ್ಲಿ ಅನೇಕರು ರಜೆಯಲ್ಲಿ ಅಂಗಡಿ, ಹೋಟೆಲುಗಳಲ್ಲಿ ದುಡಿಯುತ್ತೀರಿ. ತರಬೇತಿ ಇಲ್ಲದ ಮೊದಲ ದಿನದ ಬೆಲೆ ಯಾರು ತೆರುತ್ತಾರೆಂದು ನಿಮಗೂ ಗೊತ್ತಿರಬಹುದು.

ಅಮೆರಿಕದ ವಾಲ್‌ಮಾರ್ಟ್ ಎದುರಿಸಿದ್ದು ಇದೇ ಸಮಸ್ಯೆಯನ್ನು. ಅಲ್ಲಿ ನವೆಂಬರ್ ಕೊನೆಯ ‘ಬ್ಲ್ಯಾಕ್ ಫ್ರೈಡೇ’ ದಿನ ಅಂಗಡಿಗೆ ಜನ ನುಗ್ಗುತ್ತಾರೆ. ಆ ನೂಕುನುಗ್ಗಲನ್ನು ಮೊದಲೇ ಏರ್ಪಡಿಸಿ ತೋರಿಸುವುದು ಸಾಧ್ಯವಿಲ್ಲ. ಅದಕ್ಕಾಗಿ ‘ಸ್ಟ್ರೈವರ್’ ಎಂಬ ಕಂಪನಿಯ ನೆರವಿನಿಂದ ಆ ದೃಶ್ಯಗಳನ್ನು ವಿಆರ್ ಕನ್ನಡಕದೊಳಗೆ ತಂದಿತು. 2017ರಲ್ಲಿ ತನ್ನ ತರಬೇತಿ ಕೇಂದ್ರಗಳಲ್ಲಿ ಬಳಸಲು ತೊಡಗಿ, 2018ರಲ್ಲಿ ಸುಮಾರು 17,000 ಕನ್ನಡಕಗಳನ್ನು ಅಮೆರಿಕದ ತನ್ನ ಅಂಗಡಿಗಳಿಗೆ ಕಳಿಸುವುದಾಗಿ ಪ್ರಕಟಿಸಿತು. ಅಕ್ಸೆಂಚರ್ 2021ರಲ್ಲಿ 60,000 ಕನ್ನಡಕಗಳನ್ನು ತರಿಸಿ, ಹೊಸ ನೌಕರರನ್ನು ‘ಎನ್‌ತ್ ಫ್ಲೋರ್’ ಎಂಬ ವರ್ಚುವಲ್ ಕಚೇರಿಯಲ್ಲಿ ಬರಮಾಡಿಕೊಳ್ಳಲು ಹೊರಟಿತು. ಈ ಕಂಪನಿಯಲ್ಲಿ ಬೆಂಗಳೂರಿನ ಸಾವಿರಾರು ಯುವಕ ಯುವತಿಯರಿದ್ದಾರೆ. ನಾಳೆ ನೀವೂ ಇರಬಹುದು.

ಎಲ್ಲಿ ಬಳಸಬೇಕು, ಎಲ್ಲಿ ಬೇಡ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ ನಾಲ್ಕು ಸಂದರ್ಭಗಳನ್ನು ಹೇಳುತ್ತಾರೆ. ನಿಜದಲ್ಲಿ ಮಾಡುವುದು (1) ಅಪಾಯಕಾರಿಯಾದರೆ, (2) ಅಸಾಧ್ಯವಾದರೆ, (3) ಹಾನಿಕರ ಪರಿಣಾಮ ತರುವುದಾದರೆ, (4) ತುಂಬ ದುಬಾರಿಯಾದರೆ ವಿಆರ್ ಉಪಯುಕ್ತ. ಬೆಂಕಿ ಆರಿಸುವ ತರಬೇತಿ ಈ ಪಟ್ಟಿಗೆ ಸರಿಹೊಂದುತ್ತದೆ. ಹಾಜರಿ ಕರೆಯುವ ಸಭೆ ಹೊಂದುವುದಿಲ್ಲ. ಸಭೆಗಳು ಸೋತು ತರಬೇತಿ ಉಳಿದದ್ದು ಏಕೆಂಬುದಕ್ಕೆ ಇದರಲ್ಲೇ ಉತ್ತರವಿದೆ.

ವಿಜ್ಞಾನ ವಿಭಾಗದವರಿಗೆ ಎರಡು ಮಾತು

ಕಣ್ಣು ಮುಚ್ಚಿದರೂ ಮಾತು ಎಡದಿಂದ ಬಂತೋ ಬಲದಿಂದ ಬಂತೋ ನಮಗೆ ತಿಳಿಯುತ್ತದೆ. ಎರಡು ಕಿವಿಗಳ ನಡುವೆ ಸುಮಾರು 20 ಸೆಂ.ಮೀ. ಅಂತರ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 0.2ನ್ನು 340ರಿಂದ ಭಾಗಿಸಿ: ಒಂದು ಕಿವಿಗೆ ಶಬ್ದ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಮಿದುಳು ಅಷ್ಟನ್ನೇ ಹಿಡಿದು ದಿಕ್ಕು ಗುರುತಿಸುತ್ತದೆ. ವರ್ಚುವಲ್ ಸಭೆಯಲ್ಲಿ ಈ ತಡವನ್ನು ಲೆಕ್ಕ ಹಾಕಿ ಸೇರಿಸಿದಾಗ ಪಕ್ಕದವರ ಮಾತು ಪಕ್ಕದಿಂದಲೇ ಕೇಳಿಸುತ್ತದೆ.

ಎರಡನೆಯದು ತಲೆಸುತ್ತು. ಕಣ್ಣು ‘ನಾನು ನಡೆಯುತ್ತಿದ್ದೇನೆ’ ಎನ್ನುತ್ತದೆ, ಒಳಗಿವಿ ‘ಇಲ್ಲ, ಕುಳಿತಿದ್ದೀಯ’ ಎನ್ನುತ್ತದೆ. ಈ ಜಗಳದಿಂದ ವಾಕರಿಕೆ ಬರುತ್ತದೆ. ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದರೆ ಆಗುವುದೂ ಇದೇ, ಕಣ್ಣು ಮತ್ತು ಕಿವಿಯ ಪಾತ್ರ ಮಾತ್ರ ಅದಲುಬದಲು. ತಲೆ ತಿರುಗಿಸಿದಾಗ ಚಿತ್ರ ತಡವಾಗಿ ಬದಲಾದರೂ ಕಿರಿಕಿರಿಯಾಗುತ್ತದೆ. ಅದಕ್ಕೇ ಸೆಕೆಂಡಿಗೆ 72 ಅಥವಾ 90 ಬಾರಿ ಚಿತ್ರ ಬದಲಿಸುತ್ತಾರೆ. ತರಬೇತಿಯ ಪಾಠಗಳನ್ನು ಚಿಕ್ಕದಾಗಿ ಇಡುವುದೂ ಅದಕ್ಕೇ.

ಎಚ್ಚರಿಕೆ ಎಲ್ಲಿ ಬೇಕು?

ಕನ್ನಡಕ ನಮಗೆ ಲೋಕವನ್ನು ತೋರಿಸುವಾಗ ನಮ್ಮನ್ನೂ ನೋಡುತ್ತಿರುತ್ತದೆ. ತಲೆ ಎಷ್ಟು ಬಾಗಿತು, ಕೈ ಎಷ್ಟು ಬೇಗ ಚಲಿಸಿತು ಎಂಬುದೆಲ್ಲ ದಾಖಲಾಗುತ್ತದೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಂಶೋಧಕರು ವಿಆರ್ ಆಟವೊಂದರ 50,000ಕ್ಕೂ ಹೆಚ್ಚು ಬಳಕೆದಾರರ ಚಲನೆಯನ್ನು ಪರಿಶೀಲಿಸಿದರು. ಕೇವಲ 100 ಸೆಕೆಂಡಿನ ಚಲನೆಯಿಂದ ಯಾರು ಯಾರೆಂದು ಶೇಕಡಾ 94ರಷ್ಟು ಸರಿಯಾಗಿ ಗುರುತಿಸಿದರು. ಹೆಸರು ಬೇಡ, ಮುಖ ಬೇಡ, ಕೈ ಆಡಿಸುವ ರೀತಿಯೇ ಬೆರಳಚ್ಚು. ಕಂಪನಿ ಇದನ್ನು ಕಲಿಸಲು ಬಳಸುತ್ತದೆಯೋ, ‘ಇವನು ನಿಧಾನ’ ಎಂದು ಅಳೆದು ಹೊರಗೆ ಕಳಿಸಲು ಬಳಸುತ್ತದೆಯೋ? ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಆದರೂ ಮೊದಲ ಸಂಬಳದ ಆಸೆಯಲ್ಲಿರುವ ಹುಡುಗ ಅಥವಾ ಹುಡುಗಿಗೆ ‘ಇದನ್ನು ಏಕೆ ದಾಖಲಿಸುತ್ತೀರಿ?’ ಎಂದು ಕೇಳುವ ಧೈರ್ಯ ಸುಲಭವಾಗಿ ಬರುವುದಿಲ್ಲ. ಕೇಳಬಹುದು ಎಂಬುದಾದರೂ ಗೊತ್ತಿರಲಿ ಎಂದೇ ಇದನ್ನು ಬರೆದೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟು. ಅದು ಎರಡನೆಯ ಪಟ್ಟಿಗೆ ಸೇರುತ್ತದೆ, ವೆಸ್ಟಿಬ್ಯೂಲ್ ತರಬೇತಿಯ ಹೊಸ ರೂಪ. ಪಡಸಾಲೆಯಲ್ಲಿ ಎಷ್ಟು ಬಾರಿ ಎಡವಿದರೂ ನಷ್ಟವಿಲ್ಲ, ಅದೇ ಅದರ ಲಾಭ. ಅಂದು ಆ ಕ್ಯಾಶ್ ಕೌಂಟರಿಗೆ ಮೊದಲು ನನಗೆ ಅರ್ಧ ಗಂಟೆಯ ಅಭ್ಯಾಸ ಸಿಕ್ಕಿದ್ದರೆ, ಅದು ಕನ್ನಡಕದೊಳಗೇ ಆಗಲಿ, ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಟ್ಟದ್ದೇ ಆಗಲಿ, ಸಾಕಾಗಿತ್ತು. ಆದರೆ ಎದುರಿಗೆ ನಿಂತ ಗಿರಾಕಿಯ ಮುಖ ನೋಡಿ ಮಾತಾಡುವ ಕೆಲಸ ಒಳಮನೆಯದು. ಅದನ್ನು ಅಲ್ಲಿಗೇ ಹೋಗಿ ಮಾಡಬೇಕು.

ಯೋಚಿಸಿ, ಉತ್ತರಿಸಿ

1. ನಿಮ್ಮ ಮನೆಯವರು ಮಾಡುವ ಉದ್ಯೋಗದಲ್ಲಿ ವಿಆರ್ ತರಬೇತಿಗೆ ಹೊಂದುವ ಒಂದು ಕೆಲಸ, ಹೊಂದದ ಒಂದು ಕೆಲಸ ಹೆಸರಿಸಿ. ಬೈಲೆನ್ಸನ್ ಅವರ ನಾಲ್ಕು ಸಂದರ್ಭಗಳಿಂದ ಕಾರಣ ಕೊಡಿ.
2. ಐಬಿಎಂ ಸಮ್ಮೇಳನದ ಉಳಿತಾಯದ ಲೆಕ್ಕವನ್ನು ಒಪ್ಪುವ ಮೊದಲು ನೀವು ಕೇಳುವ ಎರಡು ಪ್ರಶ್ನೆಗಳು ಯಾವುವು?
3. ತರಬೇತಿಯಲ್ಲಿ ದಾಖಲಾದ ಚಲನೆಯ ಮಾಹಿತಿ ಯಾರ ಸ್ವತ್ತು: ಕಂಪನಿಯದೋ, ನೌಕರರದೋ?

ಉತ್ತರಗಳನ್ನು ಒಂದು ಪುಟ ಮೀರದಂತೆ ಬರೆದು ನನಗೆ ಕೊಡಿ. ತರಗತಿಯಲ್ಲಿ ಓದೋಣ.