ಮರೆವಿನ ಕಾಯಿಲೆಯೂ ಮನೆಯ ಎರಡು ಭಾಷೆಗಳೂ

ನಮ್ಮ ಧರ್ಮಕೇಂದ್ರಗಳಲ್ಲಿ ಒಂದೇ ಭಾಷೆಯಾಡುವ ಮನೆಗಳು ಕಡಿಮೆ. ಅಡುಗೆಮನೆಯಲ್ಲಿ ಕೊಂಕಣಿಯೋ ತಮಿಳೋ, ಪೇಟೆಯಲ್ಲಿ ಕನ್ನಡ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್. ಇಂಥ ಮನೆಯ ಹಿರಿಯರಿಗೆ ಡಿಮೆನ್ಷಿಯಾ, ಅಂದರೆ ಮೆದುಳಿನ ಕಾಯಿಲೆಯಿಂದ ಬರುವ ಮರೆಗುಳಿತನ, ತಗಲಿದಾಗ ಅವರ ಭಾಷೆಗಳಿಗೆ ಏನಾಗುತ್ತದೆ? ರೋಗಿಗಳಿಗೆ ಪರಮಪ್ರಸಾದ ಒಯ್ಯುವಾಗ ಕೇಳಿಬರುವ ದೂರು ಇದು: "ಫಾದರ್, ಕನ್ನಡದಲ್ಲಿ ಕೇಳಿದರೆ ಅಮ್ಮ ಬೇಕೆಂತಲೇ ಕೊಂಕಣಿಯಲ್ಲಿ ಉತ್ತರ ಕೊಡುತ್ತಾರೆ." ಬೇಕೆಂತಲೇ ಅಲ್ಲ. ಅದು ಕಾಯಿಲೆಯ ಕೆಲಸ.

ಮೊದಲು ಒಂದು ಸಮಾಧಾನದ ಸಂಗತಿ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ಡಿಮೆನ್ಷಿಯಾ ರೋಗಿಗಳ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ಕಾಯಿಲೆಯ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಈ ಅಂತರ ಇತ್ತು ಎಂಬುದು ಗಮನಾರ್ಹ. ಮಾತನಾಡುವಾಗಲೆಲ್ಲ ಒಂದು ಭಾಷೆಯನ್ನು ಆರಿಸಿ ಇನ್ನೊಂದನ್ನು ತಡೆಹಿಡಿಯುವ ಮೆದುಳು ಆ ವ್ಯಾಯಾಮದಿಂದ ಆಪದ್ಧನ ಕೂಡಿಟ್ಟುಕೊಳ್ಳುತ್ತದೆ ಎಂಬುದು ಸಂಶೋಧಕರ ವಿವರಣೆ. ಕೆನಡಾದ ಟೊರಾಂಟೊದಲ್ಲಿ 2007ರಲ್ಲೇ ಇಂಥದೇ ಫಲಿತಾಂಶ ಬಂದಿತ್ತು. ಆದರೆ ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ಭಾಷಿಕ ವೃದ್ಧರನ್ನು ವರ್ಷಗಟ್ಟಲೆ ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಲಾಭ ಕಾಣಲಿಲ್ಲ. ಆದುದರಿಂದ ಎರಡನೆಯ ಭಾಷೆಯನ್ನು ಕಾಯಿಲೆಗೆ ಲಸಿಕೆಯೆಂದು ಯಾರೂ ಭಾವಿಸಬಾರದು.

ಕಾಯಿಲೆ ಬಂದ ಮೇಲೆ? ಹೊಸದಾಗಿ ಕಲಿತದ್ದು ಮೊದಲು ಅಳಿಯುತ್ತದೆ, ಹಳೆಯದು ಕೊನೆಯವರೆಗೆ ಉಳಿಯುತ್ತದೆ ಎಂದು ಫ್ರಾನ್ಸಿನ ರಿಬೋ 1881ರಲ್ಲಿ ಬರೆದ. ಭಾಷೆಯ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ, ಪೂರ್ತಿ ಅಲ್ಲ. ಜೀವನವಿಡೀ ದಿನನಿತ್ಯ ಬಳಸಿದ ಎರಡನೆಯ ಭಾಷೆಯೂ ಗಟ್ಟಿಯಾಗಿ ನಿಲ್ಲಬಹುದು. ಕಲಿತ ರೀತಿಯೂ ಮುಖ್ಯ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಮೊದಲ ಪುಸ್ತಕದಲ್ಲಿ, ಲತೀನನ್ನು ದಾದಿಯರ ಮುದ್ದಿನ ನಡುವೆ ಕಲಿತೆ, ಗ್ರೀಕನ್ನು ಶಿಕ್ಷೆಯ ಭಯದಲ್ಲಿ ಕಲಿಯಬೇಕಾಯಿತು ಎಂದು ಹೇಳಿಕೊಂಡಿದ್ದಾರೆ. (ನಮ್ಮಲ್ಲಿ ಇಂಗ್ಲಿಷ್ ವ್ಯಾಕರಣ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ತೊಡೆಯ ಮೇಲೆ ಕಲಿತ ಮಾತು ಅಭ್ಯಾಸದಂತೆ ಒಳಗಿಳಿದಿರುತ್ತದೆ, ಪುಸ್ತಕದಿಂದ ಕಲಿತದ್ದನ್ನು ನೆನಪಿನಿಂದ ಎತ್ತಿ ತರಬೇಕು, ಆ ನೆನಪೇ ಈಗ ಸವೆಯುತ್ತಿದೆ.

ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಎರಡು ಭಾಷೆ ಬೆರೆಸುವುದು ರೋಗವಲ್ಲ, ನಾವೆಲ್ಲರೂ ಬೆರೆಸುತ್ತೇವೆ. ಆದರೆ ಕೊಂಕಣಿ ಬಾರದ ಹಾಲಿನವನೊಡನೆ ನಾವು ಕೊಂಕಣಿ ಆಡುವುದಿಲ್ಲ. ಎದುರಿಗಿರುವವರು ಯಾರು, ಅವರಿಗೆ ಯಾವ ಮಾತು ತಿಳಿಯುತ್ತದೆ ಎಂದು ಪ್ರತಿಕ್ಷಣ ಲೆಕ್ಕ ಹಾಕುವುದು ದೊಡ್ಡ ಬುದ್ಧಿಕಾರ್ಯ. ಡಿಮೆನ್ಷಿಯಾದಲ್ಲಿ ಕುಸಿಯುವುದು ಆ ಲೆಕ್ಕ. ತಾಯಿಗೆ ಕನ್ನಡದ ಪದಗಳು ಇನ್ನೂ ಇರಬಹುದು, ಸೊಸೆಗೆ ಬೇಕಾದದ್ದು ಕನ್ನಡ ಎಂಬ ಅರಿವು ಮಾತ್ರ ತಪ್ಪಿರುತ್ತದೆ. ಅವರನ್ನು ತಿದ್ದಿದರೆ, ಗದರಿಸಿದರೆ, ಎರಡೂ ಭಾಷೆಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಬಂದ ಭಾಷೆಯಲ್ಲೇ ಮಾತು ಮುಂದುವರಿಸಿರಿ. ವಾಕ್ಯ ಚಿಕ್ಕದಿರಲಿ, ಉತ್ತರಕ್ಕೆ ಕಾಯುವ ತಾಳ್ಮೆ ಇರಲಿ. "ನಾನು ಯಾರು ಹೇಳು" ಎಂಬ ಪರೀಕ್ಷೆಯಂತೂ ಬೇಡವೇ ಬೇಡ.

ವೈದ್ಯರ ಬಳಿಗೆ ಹೋದಾಗ ಹಿರಿಯರ ಎಲ್ಲ ಭಾಷೆಗಳನ್ನೂ, ಯಾವುದನ್ನು ಯಾವ ವಯಸ್ಸಿನಲ್ಲಿ ಕಲಿತರೆಂಬುದನ್ನೂ ತಿಳಿಸಿರಿ. ವಸ್ತು ತೋರಿಸಿ ಹೆಸರು ಕೇಳುವ, ವಾಕ್ಯ ಹೇಳಿಸುವ ಪರೀಕ್ಷೆಯನ್ನು ಅರೆಬರೆ ಬಲ್ಲ ಭಾಷೆಯಲ್ಲಿ ಮಾಡಿದರೆ ಅಂಕ ಕಡಿಮೆಯಾಗಿ ಕಾಯಿಲೆ ಇದ್ದದ್ದಕ್ಕಿಂತ ಹೆಚ್ಚೆಂದು ತೋರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಕನ್ನಡ ಅದರಲ್ಲಿದೆ, ಕೊಂಕಣಿ ಇಲ್ಲ. ಹಾಗಾಗಿ ಆ ಭಾಷೆ ಬಲ್ಲ ಮಗನೋ ಮಗಳೋ ಜೊತೆಗಿರಬೇಕು.

ಪ್ರಾರ್ಥನೆಯದು ಬೇರೆ ಕಥೆ. ಸ್ವಂತ ವಾಕ್ಯ ಕಟ್ಟಲಾಗದವರು ಸಹ ಬಾಲ್ಯದಲ್ಲಿ ಬಾಯಿಪಾಠ ಮಾಡಿದ 'ನಮಾನ್ ಮರಿಯೆ'ಯನ್ನು ಕೊನೆಯವರೆಗೆ ಹೇಳುವುದುಂಟು. ಜಪಸರವನ್ನು ಅವರ ಭಾಷೆಯಲ್ಲೇ ಆರಂಭಿಸಿರಿ. ದುಭಾಷಿಯ ಮೂಲಕ ಪಾಪನಿವೇದನೆ ಮಾಡಲು ಧರ್ಮಸಭೆಯ ಕಾನೂನು ಅವಕಾಶ ಕೊಟ್ಟಿದೆ, ಗುಟ್ಟು ಕಾಯುವ ಹೊಣೆ ದುಭಾಷಿಗೂ ಉಂಟು. ಆದರೂ ಮಾತು ಉಳಿದಿರುವಾಗಲೇ ಗುರುಗಳನ್ನು ಕರೆಸುವುದು ಲೇಸು.

ಇಂಗ್ಲಿಷ್ ಬಿಟ್ಟು ಬೇರೆ ಬಾರದ ಮೊಮ್ಮಕ್ಕಳಿಗೂ ಒಂದು ಕೆಲಸವಿದೆ. ನೀರು, ನೋವು, ಬಚ್ಚಲು, ಚಳಿ, ಸಾಕು, ಭಯ: ಇಂಥ ಇಪ್ಪತ್ತು ಮೂವತ್ತು ಪದಗಳನ್ನು ಅಜ್ಜಿಯ ಮಾತಿನಲ್ಲಿ ಹೇಗೆ ಹೇಳುತ್ತಾರೆಂದು ಈಗಲೇ ಕೇಳಿ ಒಂದು ಪುಸ್ತಕದಲ್ಲಿ ಬರೆದು ಮಂಚದ ಬಳಿ ಇಡಲಿ. ಹಗಲಿಗೆ ನೋಡಿಕೊಳ್ಳಲು ಬರುವ ಹೊರ ಊರಿನ ಹೋಮ್ ನರ್ಸಿಗೆ, ಅಜ್ಜಿ ಗಂಟೆಗಟ್ಟಲೆ 'ಉದಾಕ್' ಎನ್ನುತ್ತಿರುವುದು ನೀರಿಗಾಗಿ ಎಂದು ಆಗ ತಿಳಿಯುತ್ತದೆ.