ಹದಿಹರೆಯದ ಓದುಗರು ಮತ್ತು ಕನ್ನಡ ಕಾದಂಬರಿಯ ಕಪಾಟು

1. ಪೀಠಿಕೆ

ಕನ್ನಡ ಪುಸ್ತಕಗಳ ಕಪಾಟುಗಳು ಸಾಮಾನ್ಯವಾಗಿ ಓದುಗರನ್ನು ಮಕ್ಕಳು ಮತ್ತು ದೊಡ್ಡವರು ಎಂದು ಎರಡಾಗಿ ವಿಂಗಡಿಸುತ್ತವೆ. ಇವೆರಡರ ನಡುವೆ ನಿಂತಿರುವ, ಸ್ಥೂಲವಾಗಿ ಹನ್ನೆರಡರಿಂದ ಹದಿನೆಂಟು ವರ್ಷದ ಓದುಗರಿಗೆ ಪ್ರತ್ಯೇಕವಾದ ಸ್ಥಳವಿಲ್ಲ. ಪ್ರಾಸಬದ್ಧ ಶಿಶುಗೀತೆಯನ್ನು ದಾಟಿ ಬಂದ ಈ ವಯಸ್ಸಿನವರು ನವ್ಯ ಕಾದಂಬರಿಯ ಪ್ರೌಢ ಸಂಕೀರ್ಣತೆಗೆ ಇನ್ನೂ ಸಿದ್ಧರಾಗಿರುವುದಿಲ್ಲ. ಪಠ್ಯಪುಸ್ತಕದ ಹೊರಗೆ ಕನ್ನಡದ ಓದು ಉಳಿಯುತ್ತದೆಯೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಬಹುಮಟ್ಟಿಗೆ ಇದೇ ವಯಸ್ಸಿನಲ್ಲಿ. 2010ರಿಂದೀಚೆಗೆ ಇಂತಹ ಓದುಗರ ಕಪಾಟಿಗೆ ಸೇರಬಹುದಾದ ಹಲವು ಕಾದಂಬರಿಗಳು ಕನ್ನಡದಲ್ಲಿ ಮನ್ನಣೆ ಪಡೆದಿವೆ. ಆದರೆ ಅವೆಲ್ಲವೂ 'ಮಕ್ಕಳ ಸಾಹಿತ್ಯ' ಎಂಬ ಒಂದೇ ಹೆಸರಿನಡಿ ಸೇರಿಹೋಗಿವೆ. ಹೆಸರಿನ ಈ ಕೊರತೆ ಕೇವಲ ವರ್ಗೀಕರಣದ ತೊಡಕಲ್ಲ, ಅದು ವಿಮರ್ಶೆಯ ಕೊರತೆಯೂ ಹೌದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಓದುಗರ ನೆಲೆ: ಚಿಕ್ಕಬಾಣಾವರ

ಸಾಹಿತ್ಯ ಪ್ರಕಾರವೊಂದರ ಚರ್ಚೆಯನ್ನು ಕೃತಿಗಳಿಂದಲ್ಲದೆ ಓದುಗರ ನೆಲೆಯಿಂದ ಆರಂಭಿಸುವುದಾದರೆ ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಚಿಕ್ಕಬಾಣಾವರ ಉಪಯುಕ್ತವಾದ ನಿದರ್ಶನ. ಬೆಂಗಳೂರು-ತುಮಕೂರು ರೈಲುಮಾರ್ಗದಿಂದ ಹಾಸನದ ಮಾರ್ಗ ಕವಲೊಡೆಯುವುದು ಇಲ್ಲಿಯೇ. 2017ರಲ್ಲಿ ಆ ಮಾರ್ಗ ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡ ಮೇಲೆ ಕುಣಿಗಲ್, ಶ್ರವಣಬೆಳಗೊಳ, ಹಾಸನಗಳು ಈ ಜಂಕ್ಷನ್ನಿಗೆ ಹತ್ತಿರವಾದವು. ಒಂದು ಬದಿಗೆ ಪೀಣ್ಯದ ಕೈಗಾರಿಕಾ ಪ್ರದೇಶ, ಇನ್ನೊಂದು ಬದಿಗೆ ಸೋಲದೇವನಹಳ್ಳಿಯ ಕಾಲೇಜುಗಳು, ಆಚೆಗೆ ಹೆಸರಘಟ್ಟ. ಗ್ರಾಮ ಪಂಚಾಯಿತಿಯಾಗಿದ್ದ ಊರು ಪುರಸಭೆಯಾಗಿ ಬದಲಾಗಿದೆ.

ಇಂತಹ ಊರಿನ ಹದಿಹರೆಯದವರು ಹಳ್ಳಿಯ ಮಕ್ಕಳೂ ಅಲ್ಲ, ನಗರದ ಮಕ್ಕಳೂ ಅಲ್ಲ. ದುಡಿಮೆಗಾಗಿ ಬೇರೆ ಬೇರೆ ಜಿಲ್ಲೆಗಳಿಂದ ಬಂದು ನೆಲಸಿದ ಮನೆಗಳಲ್ಲಿ ಒಂದು ಬಗೆಯ ಕನ್ನಡ, ಬೀದಿಯಲ್ಲಿ ಹಲವು ಭಾಷೆಗಳ ಬೆರಕೆ, ಶಾಲೆಯಲ್ಲಿ ಇಂಗ್ಲಿಷು ಎಂಬಂತೆ ಇಲ್ಲಿನ ಭಾಷಾ ಬದುಕು ಹರಡಿಕೊಂಡಿದೆ. ವಯಸ್ಸಿನಿಂದ ಮಧ್ಯಂತರ ಸ್ಥಿತಿಯಲ್ಲಿರುವ ಓದುಗರು ಊರಿನ ಸ್ವರೂಪದಿಂದಲೂ ಮಧ್ಯಂತರ ಸ್ಥಿತಿಯಲ್ಲಿದ್ದಾರೆ. ಇವರ ಕಪಾಟಿನಲ್ಲಿ ಯಾವ ಕನ್ನಡ ಕಾದಂಬರಿ ಇರಬೇಕು ಎಂಬ ಪ್ರಶ್ನೆ ಆದ್ದರಿಂದ ಇಲ್ಲಿ ಹೆಚ್ಚು ತೀಕ್ಷ್ಣವಾಗುತ್ತದೆ.

3. ಹೆಸರಿನ ಸಮಸ್ಯೆ

ಅಮೆರಿಕದ ಗ್ರಂಥಾಲಯ ಸಂಘವು ಹದಿಹರೆಯದ ಓದುಗರ ಸೇವೆಗಾಗಿ 1957ರಲ್ಲಿಯೇ ಪ್ರತ್ಯೇಕ ವಿಭಾಗವನ್ನು ರಚಿಸಿತು. ಎಸ್.ಇ. ಹಿಂಟನ್ ತಮ್ಮ ಹದಿಹರೆಯದಲ್ಲಿ ಬರೆದ 'ದಿ ಔಟ್‌ಸೈಡರ್ಸ್' 1967ರಲ್ಲಿ ಪ್ರಕಟವಾದ ಮೇಲೆ ಅಲ್ಲಿ ಈ ಪ್ರಕಾರಕ್ಕೆ ಸ್ಪಷ್ಟವಾದ ರೂಪ ಬಂದಿತೆಂದು ಗುರುತಿಸಲಾಗುತ್ತದೆ. ಆದರೆ ಇದನ್ನು ಪಾಶ್ಚಾತ್ಯ ಮಾರುಕಟ್ಟೆಯ ಸೃಷ್ಟಿ ಎಂದಷ್ಟೇ ತಳ್ಳಿಹಾಕುವಂತಿಲ್ಲ. ಬಂಗಾಳಿಯಲ್ಲಿ 'ಕಿಶೋರ ಸಾಹಿತ್ಯ' ಎಂಬುದು ನೆಲೆಗೊಂಡ ಪರಿಭಾಷೆ. ಸತ್ಯಜಿತ್ ರಾಯ್ ಅವರ ಫೆಲೂದಾ ಕಥೆಗಳು 1965ರಲ್ಲಿ 'ಸಂದೇಶ್' ಪತ್ರಿಕೆಯಲ್ಲಿ ಆರಂಭವಾದುದು ಅಂತಹ ಓದುಗವರ್ಗವನ್ನು ನಂಬಿಕೊಂಡೇ. ಮಹಾರಾಷ್ಟ್ರದಲ್ಲಿ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ 1971ರಲ್ಲಿ 'ಕಿಶೋರ' ಎಂಬ ಹೆಸರಿನಲ್ಲಿಯೇ ಮಾಸಪತ್ರಿಕೆಯನ್ನು ಆರಂಭಿಸಿತು.

ಕನ್ನಡದಲ್ಲಿ ಇಂತಹ ಪದ ಬಳಕೆಯಲ್ಲಿ ಬೇರೂರಲಿಲ್ಲ. ಸಾಂಸ್ಥಿಕ ಮನ್ನಣೆಯ ಚೌಕಟ್ಟೂ ಇದಕ್ಕೆ ನೆರವಾಗಿಲ್ಲ. ಸಾಹಿತ್ಯ ಅಕಾದೆಮಿಯು 2010ರಿಂದ ನೀಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರವು ಒಂಬತ್ತರಿಂದ ಹದಿನಾರು ವರ್ಷದ ಓದುಗರಿಗಾಗಿ ಬರೆದ ಕೃತಿಗಳನ್ನು ಒಂದಾಗಿಯೇ ಪರಿಗಣಿಸುತ್ತದೆ. 2011ರಲ್ಲಿ ಆರಂಭವಾದ ಯುವ ಪುರಸ್ಕಾರದಲ್ಲಿ 'ಯುವ' ಎಂಬುದು ಲೇಖಕರ ವಯಸ್ಸನ್ನು ಸೂಚಿಸುತ್ತದೆಯೇ ಹೊರತು ಓದುಗರದನ್ನಲ್ಲ. ಅಂದರೆ ಬಾಲರೂ ಅಲ್ಲದ, ಲೇಖಕರೂ ಅಲ್ಲದ ಹದಿಹರೆಯದ ಓದುಗರು ಈ ಎರಡು ಹೆಸರುಗಳ ನಡುವಿನ ತೆರಪಿನಲ್ಲಿ ಮರೆಯಾಗುತ್ತಾರೆ.

4. ಪೂರ್ವಪರಂಪರೆ

ಕನ್ನಡದಲ್ಲಿ ಹದಿಹರೆಯದ ಪ್ರಜ್ಞೆಯ ಚಿತ್ರಣವೇ ಇಲ್ಲವೆಂದು ಇದರ ಅರ್ಥವಲ್ಲ. ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿ ವೇದಪಾಠಶಾಲೆಯ ಹುಡುಗನ ಕಣ್ಣಿನಿಂದಲೇ ಹಿರಿಯರ ಲೋಕದ ಕ್ರೌರ್ಯ ಗೋಚರಿಸುತ್ತದೆ. ಆದರೆ ಹುಡುಗನ ಕುರಿತ ಕೃತಿ ಮತ್ತು ಹುಡುಗನಿಗಾಗಿ ಬರೆದ ಕೃತಿ ಒಂದೇ ಅಲ್ಲ. 'ಘಟಶ್ರಾದ್ಧ'ದ ನಿರೂಪಣೆ ತನ್ನ ಮುಗ್ಧ ನಿರೂಪಕನಿಗಿಂತ ಹೆಚ್ಚು ತಿಳಿದಿರುವ ವಯಸ್ಕ ಓದುಗರನ್ನು ಅಪೇಕ್ಷಿಸುತ್ತದೆ. ಇದಕ್ಕೆ ಪ್ರತಿಯಾಗಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಹದಿಹರೆಯದವರಿಗೆಂದು ಬರೆದ ಕೃತಿಯಲ್ಲದಿದ್ದರೂ ಆ ವಯಸ್ಸಿನ ಓದುಗರು ತಾವಾಗಿಯೇ ತಮ್ಮದಾಗಿಸಿಕೊಂಡ ಕಾದಂಬರಿ. ಕುತೂಹಲ, ಹುಡುಕಾಟ, ಕೊನೆಗೂ ಕೈಗೆ ಸಿಗದೆ ಜಾರಿಹೋಗುವ ಹಾರುವ ಓತಿ ಇವುಗಳಲ್ಲಿ ಅದರ ಆಕರ್ಷಣೆಯಿದೆ. 2010ರ ದಶಕದಲ್ಲಿ ರೂಪಿಸಿದ ಪದವಿಪೂರ್ವ ಕನ್ನಡ ಪಠ್ಯಗಳಲ್ಲಿ ತೇಜಸ್ವಿಯವರ 'ಕೃಷ್ಣೇಗೌಡನ ಆನೆ' ಮತ್ತು ಚಂದ್ರಶೇಖರ ಕಂಬಾರರ 'ಬೋಳೇಶಂಕರ' ದೀರ್ಘಪಠ್ಯಗಳಾಗಿ ಸೇರಿದವು. ಇವು ಸಮರ್ಥವಾದ ಆಯ್ಕೆಗಳೇ. ಆದರೂ ಓದುವ ವಿದ್ಯಾರ್ಥಿಯ ವಯಸ್ಸಿನ ಬದುಕು ಇವುಗಳ ಕೇಂದ್ರದಲ್ಲಿಲ್ಲ ಎಂಬುದನ್ನು ಗಮನಿಸಬೇಕು.

5. ಹೊಸದಾಗಿ ಸೇರಿದ ಕಾದಂಬರಿಗಳು

ಈ ಹಿನ್ನೆಲೆಯಲ್ಲಿ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿಯನ್ನು ಒಂದು ಸೂಚಕವಾಗಿ ಪರಿಶೀಲಿಸಬಹುದು. ಮೊದಲ ಎರಡು ವರ್ಷ ಪುರಸ್ಕೃತವಾದುದು ಕಾದಂಬರಿಗಳೇ: 2010ರಲ್ಲಿ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ', 2011ರಲ್ಲಿ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು'. ಅನಂತರ ಪಳಕಳ ಸೀತಾರಾಮ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ, ಸುಮತೀಂದ್ರ ನಾಡಿಗ, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ ಮೊದಲಾದವರ ಒಟ್ಟು ಕೊಡುಗೆಗೆ ಗೌರವ ಸಂದಿತು. ಮಕ್ಕಳ ಸಾಹಿತ್ಯವನ್ನು ಮುಖ್ಯವಾಗಿ ಕಾವ್ಯದ ಮೂಲಕ ಕಂಡ ಪರಂಪರೆಯ ಮನ್ನಣೆ ಇದು.

2019ರಿಂದ 2023ರವರೆಗೆ ಸತತವಾಗಿ ಐದು ವರ್ಷ ಪುರಸ್ಕಾರ ಕಾದಂಬರಿಗೆ ಸಂದಿರುವುದು ಗಮನಾರ್ಹ. ಚಂದ್ರಕಾಂತ ಕರದಳ್ಳಿಯವರ 'ಕಾಡು ಕನಸಿನ ಬೀದಿಗೆ', ಎಚ್.ಎಸ್. ಬ್ಯಾಕೋಡ ಅವರ 'ನಾನು ಅಂಬೇಡ್ಕರ್', ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಆ ಐದು ಕೃತಿಗಳು. ಹಾಡಿನಿಂದ ದೀರ್ಘ ಗದ್ಯಕಥನದ ಕಡೆಗೆ ಮಕ್ಕಳ ಸಾಹಿತ್ಯದ ಮನ್ನಣೆ ಹೊರಳಿದುದಕ್ಕೆ ಇದು ನಿದರ್ಶನ.

ಶೀರ್ಷಿಕೆಗಳಷ್ಟರಿಂದಲೇ ತೀರ್ಮಾನಕ್ಕೆ ಬರುವುದು ಸಾಧುವಲ್ಲವಾದರೂ ಅವು ಪ್ರಕಾರದ ಒಲವನ್ನು ಸೂಚಿಸುತ್ತವೆ. ಗಾಂಧಿ, ಅಂಬೇಡ್ಕರರನ್ನು ಕುರಿತ ಕೃತಿಗಳಲ್ಲಿ ಒಂದು 'ಪಾಪು' 'ಬಾಪು' ಆದ ಬೆಳವಣಿಗೆಯನ್ನು ಸಾರುತ್ತದೆ, ಇನ್ನೊಂದು 'ನಾನು' ಎಂಬ ಉತ್ತಮ ಪುರುಷವನ್ನು ಮುಂದಿಡುತ್ತದೆ. ಆದರ್ಶಪುರುಷರನ್ನು ಪೀಠದಿಂದ ಇಳಿಸಿ ಓದುಗರ ಓರಗೆಗೆ ತರುವ ಯತ್ನವಿದು. ಉಳಿದ ಶೀರ್ಷಿಕೆಗಳಲ್ಲಿ ಬೀದಿ, ಓಟ, ಗುಹೆ, ಗೇಟ್ ಇವೆ. ಇವೆಲ್ಲವೂ ಮನೆಯ ಹೊಸ್ತಿಲನ್ನು ದಾಟುವ ಸಂಕೇತಗಳು. ಹಿರಿಯರ ನೆರಳಿನಿಂದ ಹೊರಬಂದು ಲೋಕವನ್ನು ಸ್ವತಃ ಅಳೆಯಬಯಸುವ ವಯಸ್ಸಿಗೆ ಸಹಜವಾದ ಸಂಕೇತಗಳು. ನಾ. ಡಿಸೋಜರ ವಿಷಯದಲ್ಲಿ ಇನ್ನೊಂದು ಅಂಶವಿದೆ. 'ದ್ವೀಪ' ಮೊದಲಾದ ಕೃತಿಗಳಲ್ಲಿ ದೊಡ್ಡವರಿಗಾಗಿ ನಿರ್ವಹಿಸಿದ ಮುಳುಗಡೆಯ ವಸ್ತುವನ್ನೇ ಅವರು ಎಳೆಯ ಓದುಗರ ಮುಂದೆಯೂ ಇರಿಸಿದರು. ಈ ವಯಸ್ಸಿನವರಿಗೆ ಕಠಿಣ ವಾಸ್ತವವನ್ನು ಮರೆಮಾಚಬೇಕಿಲ್ಲ ಎಂಬ ನಿಲುವು ಅದರಲ್ಲಿದೆ.

6. ವಿಮರ್ಶೆಯ ಹೊಣೆ

ಆದರೆ ಈ ಶೀರ್ಷಿಕೆಗಳು ಕರೆದೊಯ್ಯುವುದು ಕಾಡಿಗೆ, ಗುಹೆಗೆ, ಮುಳುಗಡೆಯ ಊರಿಗೆ. ಚಿಕ್ಕಬಾಣಾವರದ ಓದುಗರಿಗೆ ಇವು ಬೇಕು. ಬಿಟ್ಟುಬಂದ ಊರಿನ ಕಡೆಗೆ ತೆರೆಯುವ ಬಾಗಿಲುಗಳು ಅವು. ಜೊತೆಗೆ ಕಾರ್ಖಾನೆಯ ಪಾಳಿ ಮುಗಿಸಿ ಬರುವ ತಾಯಿ, ಬಾಡಿಗೆ ಮನೆಯ ಒಂದೇ ಕೋಣೆ, ರೈಲ್ವೆ ಗೇಟಿನ ಬಳಿ ಕಾಯುವ ಶಾಲೆಯ ಹುಡುಗಿ ಇವು ಕಾದಂಬರಿಯಾಗುವುದೂ ಅಷ್ಟೇ ಅಗತ್ಯ. ಇರುವುದನ್ನು ಗುರುತಿಸದೆ ಇಲ್ಲದುದನ್ನು ಕೇಳಲಾಗದು. ಗುರುತಿಸಲು ಹೆಸರು ಬೇಕು, ಹೆಸರಿಡುವುದು ವಿಮರ್ಶೆಯ ಕೆಲಸ.

ಗ್ರಂಥಾಲಯ ವ್ಯವಸ್ಥೆಯಲ್ಲಿಯೂ ಇದಕ್ಕೆ ಆಧಾರವಿದೆ. 2020ರ ನವೆಂಬರ್‌ನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಆರಂಭಿಸಿದ 'ಓದುವ ಬೆಳಕು' ಕಾರ್ಯಕ್ರಮ ಆರರಿಂದ ಹದಿನೆಂಟು ವರ್ಷದವರನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತ ಸದಸ್ಯರನ್ನಾಗಿ ಕರೆಯಿತು. ಆರು ವರ್ಷದ ಮಗು ಮತ್ತು ಹದಿನೇಳರ ತರುಣಿ ಒಂದೇ ಕಪಾಟಿನ ಮುಂದೆ ನಿಂತಾಗ ಇಬ್ಬರಿಗೂ ತಕ್ಕ ಪುಸ್ತಕ ಆರಿಸಲು ಗ್ರಂಥಪಾಲಕರಿಗೆ ನೆರವಾಗುವ ಟಿಪ್ಪಣಿಸಹಿತ ಪಟ್ಟಿ ಬೇಕಾಗುತ್ತದೆ. ಪುರಸಭೆಗಳಾಗಿ ಬದಲಾದ ಊರುಗಳಲ್ಲಿಯೂ ಅದರ ಅಗತ್ಯ ಕಡಿಮೆಯಿಲ್ಲ. ಅಂತಹ ಪಟ್ಟಿಯನ್ನು ಸಿದ್ಧಪಡಿಸುವುದು ಕನ್ನಡ ವಿಭಾಗಗಳಿಗೆ ಸಾಧ್ಯವಿರುವ ಕೆಲಸ.

ಒಟ್ಟಿನಲ್ಲಿ, ಕನ್ನಡದಲ್ಲಿ ಹದಿಹರೆಯದ ಕಾದಂಬರಿ ಹುಟ್ಟಬೇಕಾಗಿಲ್ಲ, ಅದು ಈಗಾಗಲೇ ಇದೆ. ಅದು ಹದಿನಾಲ್ಕರ ಓದುಗರ ಕೈಗೆ 'ಇದು ಚಿಕ್ಕ ಮಕ್ಕಳದ್ದು' ಎಂಬ ಸಂಕೋಚವಿಲ್ಲದೆ ತಲುಪಬೇಕಾಗಿದೆ. 'ಹದಿಹರೆಯದ ಕಾದಂಬರಿ' ಎಂದಾಗಲಿ 'ಕಿಶೋರ ಕಾದಂಬರಿ' ಎಂದಾಗಲಿ ಕರೆದು ಅದನ್ನು ಸ್ವತಂತ್ರ ಪ್ರಕಾರವಾಗಿ ಅಧ್ಯಯನ ಮಾಡುವುದು ನಾಳಿನ ಕನ್ನಡ ಓದುಗರನ್ನು ಉಳಿಸಿಕೊಳ್ಳುವ ದಾರಿಗಳಲ್ಲೊಂದು.